ಬೆನ್ನಿಗೊಂದು ಗುದ್ದು

ಸೌಮ್ಯಾಳ ವೀಸಾ ಎರಡನೆಯ ಸಲವೂ ಸಿಗಲಿಲ್ಲವೆಂದು ಹುಬ್ಬಳ್ಳಿಯಿಂದ ಫೋನ್ ಬಂದಾಗ ಗುರುಬಸವ್ವ ಬಾಣಂತಿ ಸೊಸೆಗೆಂದು ಅಂಟಿನ ಉಂಡಿ ಕಟ್ಟುತ್ತಿದ್ದಳು. ಸುದ್ದಿ ಕೇಳಿ ಅವಳು ಅಳಲಿಲ್ಲ, ಕೆನಡಾ ಸರಕಾರವನ್ನು ಬಯ್ದಳು. ಒಂದು ಬೈಗುಳಕ್ಕೆ ಒಂದು ಉಂಡಿಯಂತೆ ಕಟ್ಟುತ್ತ ಹೋಗಿ, ತಾಟು ತುಂಬುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಆದರೆ ಪ್ರಶ್ನೆ ಹಾಗೇ ಉಳಿದಿತ್ತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಮಗ ಬಸವೇಶನ ತಂಗಿ ಸೌಮ್ಯಾ. ಅವಳೇ ಬರುವುದಿಲ್ಲ ಎಂದಮೇಲೆ ಹೇಳುವವರು ಯಾರು?

"ವಿಡಿಯೋ ಕಾಲ್ ಮಾಡೂಣಲ್ಲ ಯವ್ವಾ," ಎಂದ ಬಸವೇಶ. ಅವನು ಕೆನಡಾದ ವುಡ್‌ಬ್ರಿಡ್ಜ್‌ನಲ್ಲಿ ಕಿಟಕಿ ಮಾಡುವ ಕಾರ್ಖಾನೆಯೊಂದರ ಶಿಫ್ಟ್ ಸೂಪರ್‌ವೈಸರ್. ಜಗತ್ತಿನ ಎಲ್ಲ ತೊಂದರೆಗೂ ಅವನ ಹತ್ತಿರ ಒಂದು ಫೋನ್ ಇತ್ತು. "ಸೌಮ್ಯಾ ಅಲ್ಲಿಂದ ಹೇಳ್ತಾಳ, ನಾವು ಫೋನು ಕೂಸಿನ ಕಿವಿ ಹಂತ್ಯಾಕ ಹಿಡಿಯೂಣು. ಸಿಂಪಲ್."

"ಮತ್ತ ಗುದ್ದು ಯಾರಿಗೆ ಹಾಕೂದು? ಫೋನಿಗೇನು?"

ಬಸವೇಶ ಫೋನನ್ನು ಜೇಬಿಗೆ ಸೇರಿಸಿದ. ಅವರ ಕಡೆಯ ಪದ್ಧತಿಯೇ ಹಾಗೆ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಹೇಳುತ್ತಾಳೆ. ಅವಳು ಹಾಗೆ ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನ ಮೇಲೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದಬೇಕೆಂದು ಯಾರೂ ಕೇಳಿದವರಿಲ್ಲ. ನಾದಿನಿಯ ಬೆನ್ನಿಗೆ ಎಲ್ಲರೆದುರು ಗುದ್ದುವ ಅವಕಾಶ ಸಿಕ್ಕಾಗ ಕಾರಣ ಕೇಳುತ್ತ ಕೂಡುವವರು ಯಾರು? ಗುರುಬಸವ್ವ ತಾನು ಎಂಟು ಕೂಸುಗಳ ಅತ್ತೆಯಾಗಿ ಎಂಟು ಸಲ ಗುದ್ದು ತಿಂದವಳು. ಅದರ ಹತ್ತುಪಟ್ಟು ತಿರುಗಿ ಕೊಟ್ಟವಳು.

ಅವಳು ಕೈಗೆ ಅಂಟಿದ ಬೆಲ್ಲ ತೊಳೆದುಕೊಂಡು ಬಂದಳು. "ಆಸ್ಪತ್ರ್ಯಾಗ ಅತ್ತಿ ಅಂತ ಯಾರ ಹೆಸರು ಬರಕೊಂಡಾರ? ಆಕೀನ ಹೇಳಲಿ."

ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದ ಸೊಸೆ ಅಕ್ಷರಾ ಅಲ್ಲಿಂದಲೇ ನಕ್ಕಳು. "ಅತ್ತೀ, ಸೀರಿಯಸ್ಲಿ? ಡಾರತಿ?"

"ಯಾಕ, ನಮ್ಮ ಡಾರ್ತೆವ್ವಗ ಏನು ಕಮ್ಮಿ ಆಗೈತಿ?"

ಡಾರತಿ ಪಕ್ಕದ ಮನೆಯವಳು. ಸ್ಕಾರ್‌ಬರೋದ ಆ ಹಳೆಯ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ಲಿಫ್ಟ್ ಇಳಿದರೆ ಮೊದಲ ಬಾಗಿಲು ಅವಳದು, ಎರಡನೆಯದು ಬಸವೇಶನದು. ಎಪ್ಪತ್ತು ವರ್ಷ. ನಗರದ ಬಸ್ ಓಡಿಸಿ ನಿವೃತ್ತಳಾದವಳು. ಬೆನ್ನ ತುಂಬ ಇಳಿಬಿದ್ದ ಬಿಳಿ ಜಡೆ, ಮಾತು ಕಡಿಮೆ, ನಗು ಹೆಚ್ಚು. ಅವಳು ಈ ನೆಲದ ಮೂಲಜನರಾದ ಅನಿಶಿನಾಬೆಯವರ ಪೈಕಿ. ಹ್ಯೂರಾನ್ ಸರೋವರದ ಉತ್ತರ ದಂಡೆಯ ಮೇಲೆ ಅವಳ ಊರು. ಅಕ್ಷರಾ ಇದನ್ನು ತಿಳಿಸಿ ಹೇಳಿದ ದಿನ ಗುರುಬಸವ್ವ, "ಹಂಗಾರ ನಾವೆಲ್ಲಾ ಆಕಿ ಮನಿಗೆ ಬಂದ ಬೀಗರು ಅಂದಂಗಾತು," ಎಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟು ಬಂದಿದ್ದಳು.

ಅವರ ಗೆಳೆತನಕ್ಕೆ ಭಾಷೆ ಅಡ್ಡ ಬಂದಿರಲಿಲ್ಲ. ಗುರುಬಸವ್ವನ ಇಂಗ್ಲಿಷು 'ಕಮ್', 'ಸಿಟ್', 'ಈಟ್' ಎಂಬ ಮೂರು ಮಾತಿಗೆ ಮುಗಿಯುತ್ತಿತ್ತು. ಆ ಮೂರರಲ್ಲಿ ಸಂಸಾರವನ್ನೇ ನಡೆಸಬಹುದೆಂದು ಅವಳು ಮಾಡಿ ತೋರಿಸಿದ್ದಳು. ಫೆಬ್ರುವರಿಯಲ್ಲಿ ಬಾಣಂತನಕ್ಕೆಂದು ಬಂದವಳು, ಹುಟ್ಟಲಿರುವ ಕೂಸಿಗೆ ಕೌದಿ ಹೊಲಿಯಲು ಹಳೆಯ ಅರಿವೆ ಹುಡುಕುತ್ತಿದ್ದಾಗ, ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಡಾರತಿ ತನ್ನ ಕೆಂಪು ಚೌಕಳಿ ಅಂಗಿಯನ್ನೇ ಎತ್ತಿ ಕೊಟ್ಟಿದ್ದಳು. ಆಮೇಲೆ ಎಷ್ಟೋ ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಹೊಲಿದರು. ಗುರುಬಸವ್ವನ ಹೊಲಿಗೆ ನೇರ. ಡಾರತಿಯದು ಅದಕ್ಕಿಂತ ನೇರ. ಇದನ್ನು ಗುರುಬಸವ್ವ ಇವತ್ತಿಗೂ ಯಾರ ಮುಂದೆಯೂ ಒಪ್ಪಿಲ್ಲ.

ಇನ್ನು ಆಸ್ಪತ್ರೆಯ ಸಂಗತಿ. ಏಪ್ರಿಲ್ ನಡುವೆ, ಚಳಿಗಾಲ ಮುಗಿಯಿತೆಂದು ಎಲ್ಲರೂ ನಂಬಿದ್ದ ಹೊತ್ತಿನಲ್ಲಿ, ಆಕಾಶದಿಂದ ಮಂಜುಗಡ್ಡೆಯ ಮಳೆ ಸುರಿಯಿತು. ಅವತ್ತೇ ಅಕ್ಷರಾಳಿಗೆ ಬೇನೆ ಶುರುವಾಯಿತು. ಬಸವೇಶ ವುಡ್‌ಬ್ರಿಡ್ಜ್‌ನಲ್ಲಿ ಸಿಕ್ಕಿಬಿದ್ದಿದ್ದ, ಟ್ಯಾಕ್ಸಿಯವರು ಫೋನೇ ಎತ್ತಲಿಲ್ಲ. ಡಾರತಿ ಬೂಟು ಹಾಕಿಕೊಂಡು ಬಂದು, ತನ್ನ ಹಳೆಯ ಪಿಕಪ್ ಟ್ರಕ್ಕಿನಲ್ಲಿ ಅತ್ತೆಸೊಸೆ ಇಬ್ಬರನ್ನೂ ಕೂರಿಸಿಕೊಂಡು, ಗಾಜಿನಂಥ ರಸ್ತೆಯ ಮೇಲೆ ನಿಧಾನಕ್ಕೆ ಓಡಿಸಿದಳು. ಗುರುಬಸವ್ವ ದಾರಿಯುದ್ದಕ್ಕೂ ಬಸವಣ್ಣನನ್ನು ನೆನೆದಳು. ಡಾರತಿ ಏನೋ ಹಾಡಿಕೊಳ್ಳುತ್ತಿದ್ದಳು. ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸ್ ತಡೆದು, ನೀವೇನಾಗಬೇಕು ಎಂದು ಕೇಳಿದಾಗ ಡಾರತಿ ರೆಪ್ಪೆ ಬಡಿಯದೆ, "ಕೂಸಿನ ತಂದೆಯ ಅಕ್ಕ," ಎಂದಳು. ನರ್ಸ್ ಒಮ್ಮೆ ಅವಳನ್ನೂ ಒಮ್ಮೆ ಗುರುಬಸವ್ವನನ್ನೂ ನೋಡಿ, ಹಾಗೇ ಬರೆದುಕೊಂಡಳು.

ಹೀಗೆ ಸೋದರತ್ತೆ ಗೊತ್ತಾದಳು. ವೀಸಾದ ಸುದ್ದಿ ಬಂದ ಸಂಜೆಯೇ ಗುರುಬಸವ್ವ ಅಕ್ಷರಾಳನ್ನು ಕರೆದುಕೊಂಡು ಡಾರತಿಯ ಮನೆಗೆ ಕರೆ ಹೇಳಲು ಹೋದಳು. ಅಡುಗೆಮನೆಯ ಫ್ರಿಜ್ಜಿನ ಮೇಲೆ ಆಮೆಯ ಆಕಾರದ ಅಯಸ್ಕಾಂತದ ಕೆಳಗೆ ಒಂದು ಫಾರ್ಮು ಯಾವಾಗಲೂ ತೂಗುತ್ತಿರುತ್ತಿತ್ತು, ಅಂಚುಗಳು ಸುರುಳಿಯಾಗಿದ್ದವು. ಇದೇನೆಂದು ಗುರುಬಸವ್ವ ಅವತ್ತು ಕೇಳಿಯೇಬಿಟ್ಟಳು.

"ಹೆಸರು ಬದಲಿ ಮಾಡೂ ಫಾರ್ಮ್ ಅಂತ ಅತ್ತೀ," ಎಂದಳು ಅಕ್ಷರಾ, ಡಾರತಿಯ ಮಾತು ಕೇಳಿಸಿಕೊಂಡು. "ಡಾರತಿ ಆಕಿ ಒರಿಜಿನಲ್ ಹೆಸರಲ್ಲಂತ. ಸಣ್ಣಾಕಿ ಇದ್ದಾಗ ಸಾಲ್ಯಾಗ ಯಾರೋ ಇಟ್ಟದ್ದು. ಮೊದಲಿಂದು ತಿರುಗಿ ತಗೋಬೇಕಂತ ಮಾಡ್ಯಾಳ. ಆಫೀಸಿಗೆ ಹೋಗಿ ಬಾಯಿಲೆ ಹೇಳಿ ಪ್ರಮಾಣ ಮಾಡಬೇಕಂತ, ಅಷ್ಟ ಉಳದೈತಿ. ಒಂದು ವರ್ಷಾತು ಅಂತಾಳ."

"ಅಷ್ಟಕ್ಕ ಒಂದು ವರ್ಷೇನು? ನಾಳೆ ಹೋಗಿ ಹೇಳಿ ಬರಲಿ. ಮೊದಲಿನ ಹೆಸರು ಏನಂತ ಕೇಳು."

ಅಕ್ಷರಾ ಕೇಳಿದಳು. ಡಾರತಿ ನಕ್ಕು, ಎದ್ದು, ಚಹಾಕ್ಕೆ ನೀರಿಟ್ಟಳು. ತೊಟ್ಟಿಲ ಮಾತು ಬಂದಾಗ ಮಾತ್ರ ಅವಳ ಮುಖ ಅರಳಿತು. ತಾನೇನು ಮಾಡಬೇಕು ಎಂದು ಮೂರು ಮೂರು ಸಲ ಕೇಳಿದಳು. ಬಗ್ಗಿ, 'ಕುರ್‍ರ್' ಎಂದು, 'ನೀಲಾ' ಎನ್ನಬೇಕು. ಅಷ್ಟೇಯಾ? ಅಷ್ಟೇ. ಚಹಾ ಆರುವವರೆಗೆ 'ನೀಲಾ, ನೀಲಾ' ಎಂದು ರೂಢಿ ಮಾಡಿಕೊಂಡಳು. ಗುದ್ದಿನ ಸಂಗತಿಯನ್ನು ಅತ್ತೆ ಹೇಳಿರುತ್ತಾಳೆಂದು ಸೊಸೆ ತಿಳಿದಳು, ಇಂಗ್ಲಿಷ್ ಬಲ್ಲ ಸೊಸೆ ಹೇಳಿರುತ್ತಾಳೆಂದು ಅತ್ತೆ ತಿಳಿದಳು. ನಿಜ ಹೇಳಬೇಕೆಂದರೆ, ಗುದ್ದು ಅನ್ನುವುದು ಬಿಡಿಸಿ ಹೇಳಬೇಕಾದ ಸಂಗತಿ ಎಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಮೇ ತಿಂಗಳ ಮೊದಲ ಭಾನುವಾರ ಕಟ್ಟಡದ ಪಾರ್ಟಿ ರೂಮಿನಲ್ಲಿ ತೊಟ್ಟಿಲು ಕಟ್ಟಿದರು. ಮರದ ತೊಟ್ಟಿಲು ವುಡ್‌ಬ್ರಿಡ್ಜ್‌ನ ಲೀಲಮ್ಮನವರದು. ಬೆಳಗಾವಿಯ ಲೀಲಮ್ಮನವರು ಕೆನಡಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಬೆಳಗಾವಿಯಲ್ಲೇ ಸಡಿಲವಾದ ಪದ್ಧತಿಗಳು ವುಡ್‌ಬ್ರಿಡ್ಜ್‌ನಲ್ಲಿ ಸಡಿಲವಾಗದಂತೆ ಅವರು ಕಾಯ್ದುಕೊಂಡು ಬಂದಿದ್ದರು. ಗಂಡ ನಿಜಲಿಂಗಪ್ಪನವರು ಕಾರಿನ ಮೇಲೆ ತೊಟ್ಟಿಲು ಬಿಗಿದುಕೊಂಡು ಬಂದರೆ, ಲೀಲಮ್ಮನವರು ಬಂದವರೇ ತಪ್ಪು ಹುಡುಕತೊಡಗಿದರು.

"ಗುಂಡಕಲ್ಲು ಎಲ್ಲೈತ್ರಿ ಗುರುಬಸವ್ವಾರ? ಕೂಸಿಗಿಂತ ಮೊದಲ ಗುಂಡಕಲ್ಲು ಮಲಗಿಸಬೇಕಲ್ಲರಿ ತೊಟ್ಟಿಲದಾಗ."

ಅರೆಯುವ ಗುಂಡಕಲ್ಲು ಎಲ್ಲಿಂದ ಬರಬೇಕು? ಬಸವೇಶನ ಮನೆಯಲ್ಲಿದ್ದದ್ದು ಮಿಕ್ಸರ್. ಮಿಕ್ಸರನ್ನೇ ಮಲಗಿಸೋಣವೇ ಎಂದು ಅವನು ಕೇಳಿ ಬೈಸಿಕೊಂಡ. ಅಷ್ಟರಲ್ಲಿ ವಿಷಯ ತಿಳಿದ ಡಾರತಿ ಮೇಲೆ ಹೋಗಿ, ಎರಡೂ ಕೈಯಲ್ಲಿ ಒಂದು ಕಲ್ಲು ಹಿಡಿದುಕೊಂಡು ಬಂದಳು. ಅವಳ ಊರಿನ ಸರೋವರದ ದಂಡೆಯ ಕಲ್ಲು, ನೀರು ತಿಕ್ಕಿ ತಿಕ್ಕಿ ನುಣ್ಣಗಾದದ್ದು. ತಮ್ಮಲ್ಲಿ ಕಲ್ಲನ್ನು ಅಜ್ಜ ಎಂದು ಕರೆಯುತ್ತಾರೆ ಎಂದಳು. ಲೀಲಮ್ಮನವರು ಕಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಡೀತೈತಿ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಕಲ್ಲಿಗೆ ಕೂಸಿನ ಕುಂಚಿಗೆ ಕಟ್ಟಿ ಮಲಗಿಸಿದರು. ಆಮೇಲೆ ಕೆಂಪು ಚೌಕಳಿಯ ಕೌದಿ ಹಾಸಿ, ಕೂಸನ್ನು ತೊಟ್ಟಿಲ ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸಿದರು. ಡಾರತಿ ಹಬ್ಬದ ಲಂಗ ಹಾಕಿದ್ದಳು, ಅಂಚಿನ ಸುತ್ತ ಬಣ್ಣಬಣ್ಣದ ರಿಬ್ಬನ್ ಹೊಲಿದದ್ದು. ಇಳಕಲ್ಲ ಸೀರೆಗಳ ನಡುವೆ ಅವಳು ಬೇರೆಯವಳೆಂದೇ ಅನ್ನಿಸುತ್ತಿರಲಿಲ್ಲ. ಗುರುಬಸವ್ವನಿಗೆ ಸೌಮ್ಯಾ ಇಲ್ಲವೆಂಬ ಕೊರಗು ಆ ಗಳಿಗೆಯಲ್ಲಿ ನಿಜಕ್ಕೂ ಮರೆತುಹೋಗಿತ್ತು.

ಡಾರತಿ ತೊಟ್ಟಿಲಿಗೆ ಬಗ್ಗಿದಳು. "ಕುರ್‍ರ್," ಎಂದಳು.

ಮೊದಲ ಗುದ್ದು ಗುರುಬಸವ್ವನದು. ಸಂತೋಷ ಹೆಚ್ಚಾಗಿ ಅವಳ ಕೈ ತುಸು ಜೋರಾಗಿಯೇ ಬಿತ್ತು. ಹಿಂದೆಯೇ ಲೀಲಮ್ಮನವರದು, ಅದರ ಹಿಂದೆ ಇನ್ನೂ ಐದಾರು. ನಗು, ಕೇಕೆ. ಡಾರತಿಯ ಬಾಯಿಂದ ಹೆಸರು ಬರಲಿಲ್ಲ. ಅವಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ತೊಟ್ಟಿಲ ಪಕ್ಕದಲ್ಲಿ ನೆಲಕ್ಕೆ ಕುಸಿದು, ಸಣ್ಣ ಹುಡುಗಿಯಂತೆ ಮುದುಡಿ ಕೂತಳು. ಹೆಂಗಸರ ಕೈಗಳು ಗಾಳಿಯಲ್ಲೇ ನಿಂತವು. ಯಾರೋ ಹಾಡು ಎತ್ತಿಕೊಂಡವರು ಅರ್ಧಕ್ಕೇ ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಡಾರತಿ ಎದ್ದು, ಯಾರ ಮುಖವನ್ನೂ ನೋಡದೆ, ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

"ಬ್ಯಾರೆ ಯಾರರೆ ಹೇಳಿಬಿಡ್ರಿ, ಹೊತ್ತು ಮೀರತೈತಿ," ಎಂದರು ಲೀಲಮ್ಮನವರು ಮೆಲ್ಲಗೆ.

"ಬ್ಯಾಡ್ರಿ," ಎಂದಳು ಗುರುಬಸವ್ವ. "ಅತ್ತಿ ಬಂದು ಹೇಳೂತನಕ ಕೂಸು ಹಂಗ ಇರಲಿ."

ಮರುದಿನ ಡಾರತಿಯ ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಗುರುಬಸವ್ವ ಒಂದು ಚಾಪೆ ತಂದು ಅವಳ ಬಾಗಿಲ ಮುಂದೆ ಕಾರಿಡಾರಿನಲ್ಲಿ ಹಾಸಿ, ಇನ್ನೊಂದು ಕೌದಿಯ ತುಂಡುಗಳನ್ನು ಹರಡಿಕೊಂಡು ಕೂತಳು. ಲಿಫ್ಟಿನಿಂದ ಇಳಿದವರು ಅವಳನ್ನು ದಾಟಿಕೊಂಡು ಹೋದರು. ಕಟ್ಟಡ ನೋಡಿಕೊಳ್ಳುವ ಸೂಪರಿಂಟೆಂಡೆಂಟ್ ಬಂದು, ಇಲ್ಲಿ ಕೂರುವ ಹಾಗಿಲ್ಲ ಎಂದ. "ಸಿಟ್," ಎಂದಳು ಗುರುಬಸವ್ವ ಪಕ್ಕದ ಜಾಗ ತೋರಿಸಿ. ಅವನು ಹೊರಟುಹೋದ. ಅಕ್ಷರಾ ಎರಡು ಸಲ ಚಹಾ ತಂದುಕೊಟ್ಟಳು. "ಅತ್ತೀ, ಪ್ಲೀಸ್, ಒಳಗ ಬರ್ರಿ, ಏನ್ ಹಟ ಇದು," ಎಂದರೆ ಅತ್ತೆ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

ಹನ್ನೊಂದರ ಸುಮಾರಿಗೆ ಬಾಗಿಲು ತೆರೆಯಿತು. ಡಾರತಿ ನಿಂತಿದ್ದಳು, ಜಡೆ ಹಾಕಿರಲಿಲ್ಲ. ಕೆಳಗೆ ಕೂತವಳನ್ನು ನೋಡಿದಳು, ಚಾಪೆಯನ್ನು ನೋಡಿದಳು.

"ಕಮ್," ಎಂದಳು ಡಾರತಿ. "ಸಿಟ್. ಈಟ್."

ಗುರುಬಸವ್ವನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಕೂಸನ್ನೆತ್ತಿಕೊಂಡ ಅಕ್ಷರಾಳನ್ನೂ ಕರೆದುಕೊಂಡು ಒಳಗೆ ಹೋದಳು. ಡಾರತಿ ಬ್ರೆಡ್ಡು ಬೆಣ್ಣೆ ಇಟ್ಟು, ಕಿಟಕಿಯ ಕಡೆ ಮುಖ ಮಾಡಿ ಕೂತು, ಮಾತಾಡಿದಳು. ಅಕ್ಷರಾ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು.

"ಆರು ವರ್ಷದಾಕಿ ಇದ್ದಾಗ ಒಯ್ದರಂತ ಅತ್ತೀ. ಸರಕಾರದ ಮಂದಿ ಬಂದು, ಊರಿನ ಹುಡುಗೂರನ್ನೆಲ್ಲಾ ಗಾಡ್ಯಾಗ ಹಾಕ್ಕೊಂಡು. ಪಾದ್ರಿಗೋಳು ನಡಸೂ ಸಾಲಿ. ಹೋದ ದಿನಾನ ಜಡಿ ಕತ್ತರಿಸಿದರಂತ. ಇವರ ಅಜ್ಜಿ ಕೊರಳಿಗೆ ಒಂದು ತೊಗಲಿನ ಚೀಲ ಕಟ್ಟಿದ್ದಳಂತ, ಅವರ ದೇವರದು. ಅದನ್ನ ಹರದು ಒಲಿಯೊಳಗ ಹಾಕಿದರಂತ, ಇದು ಸೈತಾನಂದು ಅಂತ ಹೇಳಿ." ಅಕ್ಷರಾ ಕೂಸನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು. "ತಲಿಗೆ ನೀರು ಹಾಕಿ, ಇವತ್ತಿಂದ ನೀ ಡಾರತಿ ಅಂದರಂತ. ಅಜ್ಜಿ ಇಟ್ಟ ಹೆಸರು ಬಾಯಾಗ ಬಂದರ ಬೆನ್ನಿಗೆ ತೊಗಲ ಪಟ್ಟಾಲೆ ಹೊಡೀತಿದ್ದರಂತ. ನಾ ಭಾಳ ಹಟದಾಕಿ ಇದ್ದೆ ಅಂತಾಳ. ದಿನಾ ಹೇಳ್ತಿದ್ದೆ, ದಿನಾ ಹೊಡೀತಿದ್ದರು. ಆ ಚಳಿಗಾಲ ಮುಗಿಯೂದರೊಳಗ ಹೇಳೂದು ಬಿಟ್ಟೆ ಅಂತಾಳ."

ಅಷ್ಟಕ್ಕೆ ನಿಲ್ಲಲಿಲ್ಲ. ಅರವತ್ನಾಲ್ಕು ವರ್ಷ ಅವಳು ಆ ಹೆಸರನ್ನು ಬಾಯಿಬಿಟ್ಟು ಆಡಿರಲಿಲ್ಲ, ಗಂಡನ ಮುಂದೆ ಕೂಡ. ಫಾರ್ಮು ಹಿಡಿದುಕೊಂಡು ಎರಡು ಸಲ ಕಚೇರಿಗೆ ಹೋಗಿದ್ದಳು. ಕೌಂಟರಿನಲ್ಲಿ ಹೆಸರು ಹೇಳಿ ಎಂದರೆ ಬೆನ್ನು ಉರಿಯತೊಡಗುತ್ತಿತ್ತು. ಎರಡು ಸಲವೂ ತಿರುಗಿ ಬಂದಿದ್ದಳು.

ಗುರುಬಸವ್ವನ ಕೈ ತಾನಾಗಿಯೇ ತನ್ನ ಕೊರಳಿನ ಲಿಂಗಕ್ಕೆ ಹೋಯಿತು. ಅವಳಿಗೆ ನೆನಪು ಮೂಡುವ ಮೊದಲೇ ಕಟ್ಟಿದ ಲಿಂಗ ಅದು. ಆರು ವರ್ಷದ ಗುರುಬಸಿಯ ಕೊರಳಿಗೆ ಯಾರಾದರೂ ಕೈಹಾಕಿ ಇದನ್ನು ಹರಿದು ಒಲೆಗೆ ಎಸೆದಿದ್ದರೆ? ಅಳುವ ಹುಡುಗಿಗೆ ನಿನ್ನ ಹೆಸರು ಇದಲ್ಲ ಎಂದು ಹೊಡೆದಿದ್ದರೆ? ಅವಳು ಗಟ್ಟಿಯಾಗಿ ಅತ್ತಳು, ಮುಚ್ಚುಮರೆಯಿಲ್ಲದೆ. ಆ ಪಾದ್ರಿಗಳ ಮೇಲೆ ಬಂದ ಸಿಟ್ಟಿಗಿಂತ ತನ್ನ ಕೈಯ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು. ಮೊದಲ ಗುದ್ದು, ಎಲ್ಲಕ್ಕಿಂತ ಜೋರಿನದು, ತನ್ನದೇ ಅಲ್ಲವೇ?

ಅವಳು ಕಣ್ಣೊರೆಸಿಕೊಂಡು, ಕುರ್ಚಿಯಿಂದಿಳಿದು, ಡಾರತಿಯ ಮುಂದೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು.

"ನನ್ನ ಹೆಸರು ಗುರುಬಸವ್ವ," ಎಂದಳು. "ಹೊಡಿ."

ಡಾರತಿ ಅಕ್ಷರಾಳ ಮುಖ ನೋಡಿದಳು. ಅಕ್ಷರಾ ಹೇಳಿದಳು: ಆವತ್ತು ಹೊಡೆದದ್ದು ಹೀಗೆ, ಹೆಸರು ತಂದವಳಿಗೆ, ಖುಷಿ ತಡೆಯಲಾರದೆ. ನಮ್ಮ ಊರಿನಲ್ಲಿ ಎಲ್ಲ ಅತ್ತೆಯರೂ ತಿಂದದ್ದು.

ಡಾರತಿ ಮೆಲ್ಲಗೆ ಅಂಗೈ ಇಟ್ಟಳು.

"ಇದೇನು, ಬಸ್ಸಿನ ಸೀಟು ಒರಸ್ತಿಯೇನು?" ಎಂದಳು ಗುರುಬಸವ್ವ. "ಹೊಡಿ!"

ಎರಡನೆಯದು ತುಸು ಗಟ್ಟಿಯಾಗಿ ಬಿತ್ತು. ಮೂರನೆಯದಕ್ಕೆ ಗುರುಬಸವ್ವ ಕೆಮ್ಮಿದಳು. ಮೂವತ್ತು ವರ್ಷ ದೊಡ್ಡ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ ಅದು, ಸುಮ್ಮನೆಯೇ? ಡಾರತಿಗೆ ಗಾಬರಿಯಾಯಿತು. ಗುರುಬಸವ್ವ ಕೆಮ್ಮುತ್ತಲೇ ನಗತೊಡಗಿದಳು. ಆ ನಗು ನೋಡಿ ಡಾರತಿಯೂ ನಕ್ಕಳು, ಮೂರು ದಿನದ ಮೇಲೆ.

"ಗುದ್ದಿದ ಮ್ಯಾಲೆ ಏನ್ ಮಾಡ್ತೀರಿ ಅಂತ ಕೇಳಾಕತ್ತಾಳ ಅತ್ತೀ," ಎಂದಳು ಅಕ್ಷರಾ.

"ಗುಗ್ಗರಿ ತಿಂತೀವಿ. ಕುದಿಸಿದ ಕಡ್ಲಿ."

"ಹೆಸರು ಮತ್ತ ಹೇಳಬ್ಯಾಡ ಅಂತ ಯಾರೂ ಅನ್ನೂದಿಲ್ಲೇನು ಅಂತ."

"ಅಯ್ಯ ನನ ಶಿವನ! ಹಿಂದಿದ್ದವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂತ ಬಡಕೋತಾರ, ಹೇಳು ಆಕಿಗೆ."

ಡಾರತಿ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. ಆಮೇಲೆ ಎದ್ದು ಕೂಸಿನ ಪಾದ ಮುಟ್ಟಿ ಹೇಳಿದ್ದು ಇಷ್ಟು: ಹೇಳುತ್ತೇನೆ. ಆದರೆ ನನ್ನ ಹೆಸರನ್ನು ಹೇಳಲಾರದ ಬಾಯಿಂದ ಇವಳ ಹೆಸರನ್ನು ಹೇಳಲಾರೆ. ಮೊದಲು ನನ್ನದು, ಆಮೇಲೆ ಇವಳದು.

ಗುರುಬಸವ್ವ ಅವತ್ತಿನಿಂದ ಅವಳನ್ನು ಡಾರ್ತೆವ್ವ ಎನ್ನುವುದನ್ನು ಬಿಟ್ಟಳು. ಹೊಡೆದು ಇಟ್ಟ ಹೆಸರನ್ನು ಇನ್ನು ತಾನು ಹೇಗೆ ಕರೆಯುವುದು? ಅಕ್ಕ ಎಂದಳು. ಹೀಗೆ ಹನ್ನೊಂದನೆಯ ಮಹಡಿಯಲ್ಲಿ ಹೆಸರಿಲ್ಲದವರು ಇಬ್ಬರಾದರು, ಒಬ್ಬಳು ಅಕ್ಕ, ಒಬ್ಬಳು ಕೂಸು. ಲೀಲಮ್ಮನವರು ದಿನಕ್ಕೊಮ್ಮೆ ಫೋನ್ ಮಾಡಿ, ಹೆಸರಿಲ್ಲದೆ ಕೂಸನ್ನು ಎಷ್ಟು ದಿನ ಇಡುತ್ತೀರೆಂದು ಕೇಳಿದರು.

"ಸರಕಾರಿ ಕಾಗದದಾಗ ನೀಲಾ ಅಂತ ಆಗಲೇ ಆನ್‌ಲೈನ್ ಹಾಕೀನಿ ಯವ್ವಾ," ಎಂದ ಬಸವೇಶ.

"ಕಾಗದದಾಗ ಬಂದರ ಹೆಸರಾತೇನು? ಕಿವ್ಯಾಗ ಬೀಳಬೇಕು." ಹೇಳಿದ ಮೇಲೆ ಗುರುಬಸವ್ವನಿಗೆ ಪಕ್ಕದ ಮನೆಯ ನೆನಪಾಯಿತು. ಅಲ್ಲಿ ಕಿವಿಯಲ್ಲಿ ಬಿದ್ದದ್ದು ಭದ್ರವಾಗಿತ್ತು, ಕಾಗದದಲ್ಲಿ ಬಂದಿರಲಿಲ್ಲ. ಅವಳು ಕಡಲೆ ನೆನೆಹಾಕಲು ಒಳಗೆ ಹೋದಳು.

ಅಕ್ಕನಿಗೆ ಅವಸರ ಮಾಡಬಾರದೆಂದು ಗುರುಬಸವ್ವ ನಿರ್ಧರಿಸಿದ್ದಳು. ಅವಳ ಜೀವಮಾನದಲ್ಲಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಇದೇ ಮೊದಲು. ದಿನವೂ ಇಬ್ಬರೂ ಕೂತು ಹೊಲಿದರು. ಕೌದಿ ದೊಡ್ಡದಾಗುತ್ತ ಹೋಯಿತು, ಫಾರ್ಮು ಫ್ರಿಜ್ಜಿನ ಮೇಲೆಯೇ ಇತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಗುರುಬಸವ್ವ ನೋಡುತ್ತಾಳೆ, ಆಮೆಯ ಕೆಳಗೆ ಏನೂ ಇರಲಿಲ್ಲ. ಅಕ್ಕ ರಿಬ್ಬನ್ ಲಂಗ ಹಾಕಿಕೊಂಡು, ಟ್ರಕ್ಕಿನ ಕೀಲಿ ಹಿಡಿದು ನಿಂತಿದ್ದಳು.

ಗುರುಬಸವ್ವ ಓಡಿಹೋಗಿ, ಮೂರು ವಾರದಿಂದ ರಾತ್ರಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಪಲ್ಯ ಮಾಡಿ ಮುಗಿಸುತ್ತಿದ್ದ ಕಡಲೆಯನ್ನು ಅವತ್ತು ಗುಗ್ಗರಿಯಾಗಿ ಕುದಿಸಿದಳು. ಅಕ್ಷರಾ ಲೀಲಮ್ಮನವರಿಗೆ ಫೋನ್ ಮಾಡಿದಳು. ಅವರು ವುಡ್‌ಬ್ರಿಡ್ಜ್‌ನಿಂದ ನಾರ್ತ್ ಯಾರ್ಕಿನ ಸರಕಾರಿ ಕಚೇರಿಗೆ ಇವರಿಗಿಂತ ಮೊದಲೇ ಬಂದು, ಟೋಕನ್ ಹರಿದುಕೊಂಡು, ನಾಲ್ಕು ಕುರ್ಚಿ ಹಿಡಿದು ಕೂತಿದ್ದರು.

ಕೌಂಟರಿನವನು ಕನ್ನಡಕದ ತೆಳ್ಳನೆಯ ಯುವಕ. ಫಾರ್ಮನ್ನು ಹಾಳೆ ಹಾಳೆಯಾಗಿ ನೋಡಿದ. ಸರಿಯಾಗಿದೆ ಎಂದ. ಈಗ ಎದ್ದು ನಿಂತು ಪ್ರಮಾಣ ಮಾಡಬೇಕು, ಪಡೆಯುವ ಹೆಸರನ್ನು ಗಟ್ಟಿಯಾಗಿ ಹೇಳಬೇಕು ಎಂದ.

ಅಕ್ಕ ಎದ್ದು ನಿಂತಳು. ಹಿಂದೆ ನಿಂತ ಗುರುಬಸವ್ವನಿಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ, ಬಿಳಿಯ ಜಡೆ ಇಳಿಬಿದ್ದ ಅಗಲವಾದ ಬೆನ್ನು. ಕೈ ಎತ್ತಿ ಮುಟ್ಟಬೇಕೆನ್ನಿಸಿತು. ಆದರೆ ಆ ಬೆನ್ನಿಗೆ ಇನ್ನೆಂದೂ ಕೈ ತಾಗಿಸುವುದಿಲ್ಲವೆಂದು ಅವಳು ಲಿಂಗ ಮುಟ್ಟಿ ಆಣೆ ಇಟ್ಟುಕೊಂಡಿದ್ದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಯುವಕ ಕಾದ. ಟೋಕನ್ ಯಂತ್ರ ಇನ್ನೊಂದು ನಂಬರು ಕೂಗಿತು. ಹೇಳವ್ವಾ, ಹೇಳು ನಮ್ಮವ್ವಾ, ಎಂದು ಗುರುಬಸವ್ವ ಮನಸ್ಸಿನಲ್ಲೇ ಗೋಗರೆದಳು.

"ವಾಬನೋಕ್ವೆ," ಎಂದಳು ಅಕ್ಕ. ಉಸಿರಿನಷ್ಟೇ ಮೆಲ್ಲಗೆ.

ಆಗ ಹಿಂದಿನ ಕುರ್ಚಿಯಿಂದ ಲೀಲಮ್ಮನವರ ದನಿ ಕೇಳಿತು. ಅವರಿಗೆ ಹಿಂದಿನ ಕಥೆಯೆಲ್ಲ ಗೊತ್ತಿತ್ತು, ಆದರೆ ಪದ್ಧತಿ ಪದ್ಧತಿಯೇ. "ಹಿಂದಿದ್ದವರಿಗೆ ಕೇಳಸಲಿಲ್ಲರಿ! ಇನ್ನೊಮ್ಮೆ ಹೇಳ್ರಿ!"

ಅಕ್ಷರಾ ಅದನ್ನು ಇಂಗ್ಲಿಷಿಗೆ ತರಬೇಕಾಗಲಿಲ್ಲ. ಅಕ್ಕನ ಭುಜಗಳು ಮೇಲೆದ್ದವು.

"ವಾಬನೋಕ್ವೆ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲ ಬಳಿಯ ಗಾರ್ಡ್ ತಿರುಗಿ ನೋಡಿದ. ಅಕ್ಕ ಮಾತ್ರ ತಿರುಗಲಿಲ್ಲ. ಕೌಂಟರಿನ ಅಂಚು ಹಿಡಿದು, ತುಸು ಬಗ್ಗಿ, ತಾನು ಕಲಿತಿದ್ದ ಒಂದೇ ಒಂದು ಗಟ್ಟಿ ಕನ್ನಡದ ಮಾತನ್ನು ಆಡಿದಳು.

"ಗುರುಬಸವ್ವಾ, ಹೊಡಿ."

ಆಣೆ ಎಲ್ಲಿ ಹೋಯಿತೋ ಶಿವನೇ ಬಲ್ಲ. ಸೆರಗು ಕೊಡವಿದ ಗುರುಬಸವ್ವ ಮುಷ್ಟಿ ಕಟ್ಟಿ ಅಳುತ್ತ, ನಗುತ್ತ ಧಬ್ ಎಂದು ಒಂದು ಕೊಟ್ಟಳು. ಲೀಲಮ್ಮನವರು ಪರ್ಸ್ ಕೆಳಗೆಸೆದು ಓಡಿಬಂದರು. ಅಕ್ಷರಾ ಒಂದು ಕೈಯಲ್ಲಿ ಸ್ಟ್ರೋಲರ್ ಹಿಡಿದು ಇನ್ನೊಂದರಲ್ಲಿ ಗುದ್ದಿದಳು. ಹಾರಿಬಂದ ಗಾರ್ಡಿಗೆ ಕಂಡದ್ದು, ಪೆಟ್ಟು ತಿನ್ನುತ್ತಿರುವ ಮುದುಕಿಯೇ ಎಲ್ಲರಿಗಿಂತ ಜೋರಾಗಿ ನಗುತ್ತಿರುವುದು. ಅವನಿಗೆ ಯಾರನ್ನು ಹಿಡಿಯಬೇಕೆಂದೇ ತಿಳಿಯಲಿಲ್ಲ. "ಕಮ್," ಎಂದಳು ಗುರುಬಸವ್ವ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು. "ಈಟ್." ಅವನ ಅಂಗೈಗೆ ಒಂದು ಹಿಡಿ ಗುಗ್ಗರಿ ಬಿತ್ತು. ಕೌಂಟರಿನ ಕಂಡಿಯೊಳಗೂ ಒಂದು ಹಿಡಿ ಹೋಯಿತು. ಆ ಹೆಸರಿನ ಅರ್ಥವೇನೆಂದು ಯುವಕ ಕಡಲೆ ಜಗಿಯುತ್ತ ಕೇಳಿದ. ಬೆಳಗಿನವಳು, ಮೂಡಣ ಬೆಳಕಿನವಳು, ಎಂದಳು ಅವಳು. ಇಟ್ಟವಳು ನನ್ನ ಅಜ್ಜಿ.

ಆಮೇಲೆ ಸ್ಟ್ರೋಲರಿನ ಹತ್ತಿರ ಬಂದು, ಮಂಡಿಯೂರಿ, ಕೆಂಪು ಚೌಕಳಿಯ ಕೌದಿ ಸರಿಸಿದಳು. ಕೂಸು ಎದ್ದೇ ಇತ್ತು. ಇಷ್ಟು ಗದ್ದಲದಲ್ಲಿ ಯಾವ ಕೂಸು ಮಲಗೀತು?

"ಕುರ್‍ರ್," ಎಂದಳು ಅದರ ಕಿವಿಯಲ್ಲಿ. "ನೀಲಾ."

ಗುದ್ದುಗಳು ಬಿದ್ದವು. ಈ ಸಲ ಗಾರ್ಡ್ ಸುಮ್ಮನೆ ಕಡಲೆ ತಿನ್ನುತ್ತ ನಿಂತಿದ್ದ. ಅವಳು ಎದ್ದೇಳಲಿಲ್ಲ. ಇನ್ನಷ್ಟು ಬಗ್ಗಿ, ಕೂಸಿನ ಇನ್ನೊಂದು ಕಿವಿಗೆ ಬಾಯಿ ಇಟ್ಟು, ನಾನು ನಿನ್ನ ಅತ್ತೆ, ವಾಬನೋಕ್ವೆ, ಎಂದಳು. ಈ ಮೂರನೆಯ ಸಲ ಹೇಳೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಗುರುಬಸವ್ವ ಮೂಗು ಒರೆಸಿಕೊಂಡು ಮತ್ತೆ ಮುಷ್ಟಿ ಎತ್ತಿದಳು.